ಅತ್ತಿಗೆಯನ್ನು ಆಫ್ ಮಾಡಿದ ದಿನ

ನಮ್ಮ ಅತ್ತಿಗೆ ತಿಂಗಳಿಗೊಮ್ಮೆ, ಹಾಡಹಗಲಲ್ಲಿ, ಎಲ್ಲರ ಕಣ್ಣೆದುರಿಗೇ, ತಾವೇ ಸಾಕಿ ಬೆಳೆಸಿದ ಒಂದು ಯಂತ್ರದ ಜೀವ ತೆಗೆಯುತ್ತಾರೆ. ಅದೂ ಕೆಲಸ ಭರ್ತಿಯಾಗಿ ನಡೆಯುತ್ತಿರುವ ಹೊತ್ತಿನಲ್ಲಿ. ಒಂದು ಕೈಯಲ್ಲಿ ಚಹಾದ ಲೋಟ, ಇನ್ನೊಂದು ಕೈ ಸರ್ವರಿನ ಸ್ವಿಚ್ಚಿನ ಮೇಲೆ. ಟಕ್ ಎಂದು ಆಫ್ ಮಾಡಿ, ಚಹಾ ಕುಡಿಯುತ್ತಾ ನಿಲ್ಲುತ್ತಾರೆ. ಇನ್ನೊಂದು ಕೋಣೆಯಲ್ಲಿರುವ ಎರಡನೆಯ ಸರ್ವರ್ ಏನೂ ಆಗಿಲ್ಲವೆಂಬಂತೆ ಕೆಲಸ ಎತ್ತಿಕೊಳ್ಳಬೇಕು. ಹೊರಗೆ ಕೆಲಸದ ಹಾಲಿನಲ್ಲಿ ಒಬ್ಬರಾದರೂ ತಲೆಯೆತ್ತಿ "ಏನಾಯ್ತು?" ಅಂದರೆ ಅವರ ಮಟ್ಟಿಗೆ ಅದು ಸೋಲು. ಯಾರೂ ಏನೂ ಕೇಳದಿದ್ದರೆ ಅತ್ತಿಗೆಯ ಮುಖ ನೋಡಬೇಕು, ಹೆತ್ತ ಮಗು ಮೊದಲ ರ‍್ಯಾಂಕ್ ಬಂದವರ ಹಾಗೆ ಅರಳಿರುತ್ತದೆ.

ನಮ್ಮದು ಆಸ್ಪತ್ರೆ, ಹೋಟೆಲುಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿ. ಕಟ್ಟಡದ ನಟ್ಟನಡುವೆ ಒಂದು ಗೋಡೆ. ಗೋಡೆಯ ಈಚೆ ಕೊಳೆ, ಆಚೆ ಶುಭ್ರ. ಒಗೆಯುವ ಯಂತ್ರಗಳನ್ನು ಆ ಗೋಡೆಯಲ್ಲೇ ಕೂರಿಸಿದ್ದಾರೆ. ಪ್ರತಿಯೊಂದಕ್ಕೂ ಎರಡು ಬಾಗಿಲು. ಕೊಳೆ ಬಟ್ಟೆ ಈಚೆಯ ಬಾಗಿಲಿಂದ ಒಳಗೆ, ಒಗೆದದ್ದು ಆಚೆಯ ಬಾಗಿಲಿಂದ ಹೊರಗೆ. ಎರಡೂ ಬಾಗಿಲು ಒಟ್ಟಿಗೆ ಎಂದೂ ತೆರೆಯುವುದಿಲ್ಲ. ನಾನಿರುವುದು ಶುಭ್ರದ ಕಡೆ, ಇಸ್ತ್ರಿ ಹಾಲಿನ ಉಸ್ತುವಾರಿ ನನ್ನದು. ಹಬೆಯಲ್ಲಿ ಕಾಯುವ ಉದ್ದುದ್ದ ರೋಲರುಗಳ ನಡುವೆ ಬೆಡ್‌ಶೀಟು ಒಂದು ಕಡೆಯಿಂದ ಮುದ್ದೆಯಾಗಿ ಹೋಗಿ ಇನ್ನೊಂದು ಕಡೆಯಿಂದ ಹಪ್ಪಳದಂತೆ ಗರಿಗರಿಯಾಗಿ ಬರುತ್ತದೆ. ಅದರಲ್ಲೊಂದು ಹಳೆಯ ರೋಲರ್ ಇದೆ, ಎಲ್ಲರೂ ಅದನ್ನು ಮುದುಕಿ ಅನ್ನುತ್ತಾರೆ. ಮುದುಕಿ ನನ್ನ ಕೈಗಲ್ಲದೆ ಬೇರೆ ಯಾರ ಕೈಗೂ ಬಗ್ಗುವುದಿಲ್ಲ. ಶುರು ಮಾಡುವಾಗ ಸನ್ನೆಕೋಲನ್ನು ಎಷ್ಟು ಎಳೆಯಬೇಕು, ಯಾವ ಸದ್ದು ಬಂದಾಗ ಬಿಡಬೇಕು ಎಂಬುದು ನನಗೊಬ್ಬಳಿಗೇ ಗೊತ್ತು. ಈ ವಿಷಯದಲ್ಲಿ ನನಗೆ ಸ್ವಲ್ಪ ಜಂಬವಿದೆ, ಇರಲಿ.

ಅತ್ತಿಗೆ ನಮ್ಮ ಮನೆಗೆ ಬಂದಾಗ, ಸೊಸೆ ಕಂಪ್ಯೂಟರ್ ಓದಿದವಳು ಎಂದು ಅಮ್ಮ ಬೀದಿಯಿಡೀ ಹೇಳಿಕೊಂಡು ತಿರುಗಿದ್ದಳು. ನನ್ನ ಅಣ್ಣ ಇದೇ ಲಾಂಡ್ರಿಯ ಬಾಯ್ಲರ್ ನೋಡಿಕೊಳ್ಳುವವನು. ಅವನೇ ಯಜಮಾನರ ಹತ್ತಿರ ಮಾತಾಡಿ ಹೆಂಡತಿಯನ್ನು ಆಫೀಸಿಗೆ ಸೇರಿಸಿದ.

"ಬಟ್ಟೆ ಒಗೆಯೋಕೆ ಕಂಪ್ಯೂಟರ್ ಯಾಕೆ ಅತ್ತಿಗೆ? ಸೋಪು ಸಾಲಲ್ವಾ?" ಎಂದು ಮೊದಲು ಕೊಂಕು ತೆಗೆದವಳು ನಾನೇ.

"ಸೋಪು ಕೊಳೆ ತೆಗೆಯುತ್ತಮ್ಮಾ. ಯಾರ ಬಟ್ಟೆ ಯಾರ ಮನೆಗೆ ಹೋಯ್ತು ಅಂತ ಸೋಪನ್ನ ಕೇಳೋಕಾಗುತ್ತಾ?" ಅಂದರು ಅತ್ತಿಗೆ, ಮುಖ ಸಿಂಡರಿಸದೆ.

ಅದು ಆ ಕಾಲಕ್ಕೆ ನಮ್ಮ ದೊಡ್ಡ ತಲೆನೋವೇ ಆಗಿತ್ತು. ಆಪರೇಷನ್ ಥಿಯೇಟರಿಗೆ ಹಸಿರು ಗೌನಿನ ಬದಲು ಹೋಟೆಲಿನ ಮೇಜುಬಟ್ಟೆ ಹೋಗಿ, ಸರ್ಜನ್ ಒಬ್ಬರು ಫೋನಿನಲ್ಲೇ ಯಜಮಾನರಿಗೆ ಮಂಗಳಾರತಿ ಎತ್ತಿದ್ದರು. ಅತ್ತಿಗೆ ಪ್ರತಿ ಬಟ್ಟೆಗೂ ಒಂದು ಪುಟ್ಟ ಟ್ಯಾಗ್ ಹೊಲಿಸಿದರು. ಕೊಳೆ ಕಡೆಯ ಬಾಗಿಲಲ್ಲಿ ಟ್ಯಾಗ್ ಓದಿದ ಕೂಡಲೇ ಅದು ಯಾವ ಆಸ್ಪತ್ರೆಯದು, ಎಷ್ಟು ಬಿಸಿಯಲ್ಲಿ ಒಗೆಯಬೇಕು, ಯಾವ ರೋಲರಿಗೆ ಹೋಗಬೇಕು, ಯಾವ ವ್ಯಾನು ಹತ್ತಬೇಕು ಎಂಬುದನ್ನೆಲ್ಲ ಸರ್ವರೇ ಹೇಳುವಂತೆ ಮಾಡಿದರು. ಕೊನೆಗೆ ಬಿಲ್ಲೂ ಅದೇ ಹಾಕುತ್ತದೆ. ಹೀಗೆ ಹೇಳಿದರೆ ಒಂದು ಉಸಿರಿನಲ್ಲಿ ಮುಗಿಯುತ್ತದೆ, ಆದರೆ ಅದನ್ನು ಕಟ್ಟುವಾಗ ಅವರು ನನ್ನ ಹಾಲಿಗೆ ಬಂದು ಕೇಳಿದ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಕೊಟ್ಟು ನನ್ನ ಬಾಯಿ ಬಿದ್ದುಹೋಗಿತ್ತು.

ಮೊದಮೊದಲು ಇದ್ದದ್ದು ಆಫೀಸಿನ ಮೇಜಿನ ಪಕ್ಕ ಒಂದೇ ಒಂದು ಕಂಪ್ಯೂಟರ್. ಅದರ ನೆತ್ತಿಯ ಮೇಲೆ ಹಬೆಯ ಪೈಪು. ಒಂದು ದಿನ ಪೈಪಿನ ಕೀಲು ಸೋರಿ ನೀರು ನೇರ ಅದರೊಳಗೆ ಇಳಿಯಿತು. ಕಂಪ್ಯೂಟರ್ ಸತ್ತಿತು, ಅದರ ಹಿಂದೆ ಇಡೀ ಲಾಂಡ್ರಿ ನಿಂತಿತು. ಸಾಲುಗಟ್ಟಿದ ಟ್ರಾಲಿಗಳಲ್ಲಿ ಯಾವುದು ಯಾರದೆಂದು ಹೇಳುವವರಿಲ್ಲ. ಅತ್ತಿಗೆ ನೆಲದ ಮೇಲೆ ಕೂತು ಒಂದೊಂದೇ ಗೌನಿನ ಹೊಲಿಗೆ ನೋಡಿ ಬೇರೆ ಮಾಡಿದರು. ಅಳುತ್ತಿರಲಿಲ್ಲ, ಹಲ್ಲು ಕಚ್ಚಿಕೊಂಡಿದ್ದರು. "ಇನ್ನೊಂದು ಸಲ ಹೀಗಾದ್ರೆ ನನ್ನ ಹೆಸರು ಬದಲಾಯಿಸಿ" ಅಂದರು. ಆ ಹೊತ್ತಿನಿಂದ ನಮ್ಮಲ್ಲಿ ಎಲ್ಲವೂ ಜೋಡಿ. ಎರಡು ಸರ್ವರು, ಎರಡು ಬೇರೆ ಕೋಣೆ, ಎರಡು ಕಡೆಯಿಂದ ಕರೆಂಟು. ತಿಂಗಳಿಗೊಂದು ಕೊಲೆ ಶುರುವಾದದ್ದೂ ಆಗಲೇ.

ಗಿರಾಕಿಗಳು ಹೆಚ್ಚಿದಾಗ ಇನ್ನೊಂದು ರಗಳೆ ಬಂತು. ವ್ಯಾನುಗಳೆಲ್ಲ ಒಟ್ಟಿಗೆ ಬಂದರೆ ಸರ್ವರ್ ತಬ್ಬಿಬ್ಬಾಗುತ್ತಿತ್ತು. ಅತ್ತಿಗೆ ಆ ಭಾಗವನ್ನು ಪೂರ್ತಿ ಕಿತ್ತುಹಾಕಿ ಹೊಸದಾಗಿ ಬರೆದರು. ಈಗ ಎಷ್ಟೇ ಟ್ರಾಲಿ ಬರಲಿ, ಬಾಗಿಲಲ್ಲೇ ಅದರ ನಂಬರು ದಾಖಲಾಗಿ ಸರದಿಯಲ್ಲಿ ನಿಲ್ಲುತ್ತದೆ. ಯಾವ ಯಂತ್ರಕ್ಕೆ ಪುರುಸೊತ್ತಿದೆಯೋ ಅದು ಎಳೆದುಕೊಳ್ಳುತ್ತದೆ. ಹೊಸ ಯಂತ್ರ ಕೊಂಡರೆ ಸರ್ವರಿಗೆ ಒಂದು ಮಾತು ಹೇಳಿದರೆ ಸಾಕು, ಮಾರನೆಯ ಬೆಳಿಗ್ಗೆ ಅದೂ ಸಾಲಿನಲ್ಲಿರುತ್ತದೆ. ಸರದಿ ಉದ್ದವಾಗಿ ನಾನು ಗೊಣಗಿದರೆ ಅತ್ತಿಗೆಯದು ಒಂದೇ ಮಾತು, "ಕಾಯ್ಲಿ ಬಿಡು. ಕಳೆದುಹೋಗ್ಬಾರ್ದು, ಅಷ್ಟೆ." ಮನೆಯಲ್ಲಿ ಊಟಕ್ಕೆ ತಡವಾಗಿ ಅಣ್ಣ ತಟ್ಟೆ ಬಡಿದರೂ ಇದೇ ಉತ್ತರ. ಅವನೊಬ್ಬ ಪಾಪದ ಮನುಷ್ಯ, ಕಾಯುತ್ತಾನೆ.

ಇನ್ನು ಭದ್ರತೆ. ಥಿಯೇಟರಿನ ಗೌನುಗಳು ನಿಗದಿಯಾದ ಬಿಸಿಯಲ್ಲಿ ನಿಗದಿಯಾದಷ್ಟು ಹೊತ್ತು ಬೇಯದಿದ್ದರೆ ಶುಭ್ರದ ಕಡೆಯ ಬಾಗಿಲನ್ನು ಸರ್ವರ್ ತೆರೆಯುವುದೇ ಇಲ್ಲ. ಬಲವಂತವಾಗಿ ತೆರೆಸಬೇಕೆಂದರೆ, ಬಿಸಿಯ ಲೆಕ್ಕ ಬದಲಿಸಬೇಕೆಂದರೆ, ಇಬ್ಬರು ಒಪ್ಪಬೇಕು. ಪೆನ್‌ಡ್ರೈವಿನಂಥ ಎರಡು ಕೀ. ಒಂದು ಅತ್ತಿಗೆಯದು, ಇನ್ನೊಂದು ನಮ್ಮ ಲೆಕ್ಕಪತ್ರ ನೋಡುವ ಹಿರಿಯರದು. ಅವರನ್ನು ಎಲ್ಲರೂ ಕನ್ನಡಕದಜ್ಜ ಅನ್ನುತ್ತೇವೆ, ಯಾಕೆಂದರೆ ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಊರೆಲ್ಲ ಹುಡುಕುತ್ತಾರೆ. ಇಂಧನ ಉಳಿಸಲು ಬಿಸಿ ಸ್ವಲ್ಪ ತಗ್ಗಿಸೋಣವೇ ಎಂದು ಯಜಮಾನರು ಒಮ್ಮೆ ಕೇಳಿದ್ದರು. "ನನ್ನ ಕೀ ಇದೆ. ಅಜ್ಜನ ಕೀ ಬೇಕು. ಕೇಳಿ ನೋಡಿ" ಅಂದರು ಅತ್ತಿಗೆ. ಅಜ್ಜ ಒಪ್ಪಲಿಲ್ಲ. ಮಾತು ಅಲ್ಲಿಗೇ ಮುಗಿಯಿತು.

ಹೀಗೆ ಎಲ್ಲವೂ ಸೊಗಸಾಗಿ ನಡೆಯುತ್ತಿರುವಾಗ ಒಂದು ಭಾರೀ ಆಸ್ಪತ್ರೆ ನಮ್ಮನ್ನು ಹುಡುಕಿಕೊಂಡು ಬಂತು. ಆ ಒಂದು ಗಿರಾಕಿ ಸಿಕ್ಕರೆ ನಮ್ಮ ಕೆಲಸ ಇಮ್ಮಡಿ. ಒಪ್ಪಂದಕ್ಕೆ ಮುಂಚೆ ತಪಾಸಣೆಗೆಂದು ಅವರ ಕಡೆಯಿಂದ ಒಬ್ಬ ಹೆಂಗಸು ಬಂದರು. ನರೆತ ಕೂದಲು, ಚಪ್ಪಟೆ ಚಪ್ಪಲಿ, ಮಾತು ಕಮ್ಮಿ. ಹಿಂದೆ ಥಿಯೇಟರಿನಲ್ಲಿ ನರ್ಸ್ ಆಗಿದ್ದರಂತೆ. ಅತ್ತಿಗೆ ಬೇಕೆಂದೇ ಅವರನ್ನು ಕೊಲೆಯ ದಿನಕ್ಕೆ ಕರೆದಿದ್ದರು. "ಯಾವ್ದನ್ನ ಆಫ್ ಮಾಡ್ಲಿ, ನೀವೇ ಹೇಳಿ" ಅಂದರು. ನರ್ಸಮ್ಮ ತಾವೇ ಮುಂದೆ ಹೋಗಿ ಸ್ವಿಚ್ ಒತ್ತಿದರು. ಹಾಲಿನಲ್ಲಿ ಒಬ್ಬರೂ ಉಸಿರೆತ್ತಲಿಲ್ಲ; ರೋಲರು ತಿರುಗಿತು, ಟ್ರಾಲಿ ಉರುಳಿತು, ವ್ಯಾನು ಹೊರಟಿತು. ಅತ್ತಿಗೆಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ನನಗೂ ಹೆಮ್ಮೆಯೇ, ಸುಳ್ಳೇಕೆ ಹೇಳಲಿ.

"ಆ ಎರಡು ಕೀ ತೋರಿಸ್ತೀರಾ?" ಅಂದರು ನರ್ಸಮ್ಮ.

ಅತ್ತಿಗೆ ಸೊಂಟದ ಗೊಂಚಲಿನಿಂದ ತಮ್ಮ ಕೀ ಬಿಚ್ಚಿ ಮೇಜಿನ ಮೇಲಿಟ್ಟರು. ಆಮೇಲೆ, ಏನೂ ಯೋಚಿಸದೆ, ಅದೇ ಗೊಂಚಲಿನಿಂದ ಇನ್ನೊಂದನ್ನೂ ಬಿಚ್ಚಿಟ್ಟರು.

ಕನ್ನಡಕದಜ್ಜ ಬಾಗಿಲಲ್ಲೇ ನಿಂತಿದ್ದರು. "ನಾನು ಎಲ್ಲಾದ್ರೂ ಕಳ್ಕೊಂಡ್ಬಿಡ್ತೀನಿ ಅಂತ ನಾನೇ ಕೊಟ್ಟಿದ್ದು ತಾಯಿ. ಇವಳ ಹತ್ರ ಇದ್ರೆ ಜೋಪಾನ" ಅಂದರು. ಅವರ ದನಿಯಲ್ಲಿ ತಪ್ಪು ಮಾಡಿದ ಅಳುಕು ಒಂದಿಷ್ಟೂ ಇರಲಿಲ್ಲ. ಒಳ್ಳೆಯದನ್ನೇ ಮಾಡಿದ್ದೇನೆಂಬ ಭರವಸೆ ಇತ್ತು. ಅಷ್ಟೇಕೆ, ಅದು ಅಲ್ಲಿರುವುದು ನನಗೂ ಗೊತ್ತಿತ್ತು, ಯಜಮಾನರಿಗೂ ಗೊತ್ತಿತ್ತು. ಅತ್ತಿಗೆಯ ಮೇಲಿನ ನಂಬಿಕೆಯಲ್ಲಿ ನಮಗ್ಯಾರಿಗೂ ಅದು ತಪ್ಪು ಅನ್ನಿಸಿಯೇ ಇರಲಿಲ್ಲ.

ನರ್ಸಮ್ಮ ಬೈಯಲಿಲ್ಲ. "ಸರ್ವರ್ ಎರಡು, ಕರೆಂಟ್ ಎರಡು, ಬಾಗಿಲು ಎರಡು. ನೀವು ಎಷ್ಟು ಜನ ಇದ್ದೀರಿ?" ಎಂದು ಕೇಳಿದರು. ಎರಡೂ ಕೀಗಳನ್ನು ಅತ್ತಿಗೆಯ ಕಡೆ ತಳ್ಳಿದರು.

"ಮುಂದಿನ ತಿಂಗಳು ಬರ್ತೀನಿ. ಅವತ್ತು ಸರ್ವರ್ ಜೊತೆ ನಿಮ್ಮನ್ನೂ ಆಫ್ ಮಾಡಿ ನೋಡೋಣ. ಬೆಳಿಗ್ಗೆಯಿಂದ ಸಂಜೆವರೆಗೆ ನೀವು ಇಲ್ಲ, ನಿಮ್ಮ ಫೋನೂ ಇಲ್ಲ. ಕೆಲಸ ಸರಿಯಾಗಿ ನಡೆದ್ರೆ ನಮ್ಮ ಬಟ್ಟೆ ನಿಮಗೆ."

ಸಂಜೆ ಮನೆಯಲ್ಲಿ ಅತ್ತಿಗೆ ಮುಖ ಊದಿಸಿಕೊಂಡು ತರಕಾರಿ ಹೆಚ್ಚುತ್ತಿದ್ದರು. ತರಕಾರಿಯ ಮೇಲಿನ ಸಿಟ್ಟಲ್ಲ ಅದು ಎಂಬುದು ಅಣ್ಣನಿಗೂ ಗೊತ್ತಾಗಿ, ಅವನು ಮೆಲ್ಲಗೆ ಚಪ್ಪಲಿ ಮೆಟ್ಟಿಕೊಂಡು ಜಾಗ ಖಾಲಿ ಮಾಡಿದ. ನನಗೆ ಹಾಗೆ ಜಾರಿಕೊಳ್ಳುವ ಅಭ್ಯಾಸವಿಲ್ಲ.

"ಆಯಮ್ಮ ಕೇಳಿದ್ರಲ್ಲಿ ತಪ್ಪೇನಿದೆ ಅತ್ತಿಗೆ? ನಿಮ್ಮ ತಂಗಿ ಮದುವೇಲಿ ಫೋಟೋ ತೆಗೆಯೋವಾಗ್ಲೂ ಫೋನ್ ಕಿವೀಲಿತ್ತು. ಇವತ್ತಿಗೂ ಆ ಫೋಟೋದಲ್ಲಿ ನಿಮ್ಮ ಅರ್ಧ ಮುಖಾನೇ ಇರೋದು."

ಅತ್ತಿಗೆ ಚಾಕು ಕೆಳಗಿಟ್ಟರು. "ಯಾರಿಗೂ ಹೇಳಿಕೊಡಬಾರ್ದು ಅಂತೇನೂ ಇರ್ಲಿಲ್ಲ ಕಣೇ. ಕೇಳಿದ್ರೆ ಹೇಳ್ತಿದ್ದೆ. ಆದ್ರೆ ಯಾರೂ ಕೇಳ್ದೇ ಇರೋದು ನನಗೆ ಇಷ್ಟ ಆಗ್ತಿತ್ತು. ಎಲ್ಲದಕ್ಕೂ ನಾನೇ ಬೇಕು ಅಂದಾಗ ಒಂಥರಾ ಖುಷಿ." ಹೆಚ್ಚಿದ ತರಕಾರಿಯನ್ನು ಪಕ್ಕಕ್ಕೆ ಸರಿಸಿ, "ನಾಳೆ ನಾನಿಲ್ದೆ ನಡೀತು ಅಂತಿಟ್ಕೋ. ಆಮೇಲೆ ನಾನ್ಯಾಕೆ?" ಅಂದರು.

ಇಷ್ಟು ಗಟ್ಟಿ ಹೆಂಗಸಿನ ಬಾಯಿಂದ ಆ ಮಾತು ಕೇಳಿ ಸಮಾಧಾನ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಸೆಟೆದು ಕೂತು, "ನೀನೇ ಕಲೀಬೇಕು" ಅಂದರು.

"ನಾನಾ? ನನಗೆ ಇಸ್ತ್ರಿ ಬಿಟ್ಟು ಏನ್ ಗೊತ್ತು?"

"ಸರ್ವರ್ ನಿಂತ್ರೆ ಬೇರೆಯವರೆಲ್ಲ ಕೂತ್ಕೊಂಡು ಚಹಾ ಕುಡೀತಾರೆ. ನೀನೊಬ್ಬಳೇ ಯಾಕೆ ನಿಂತಿತು ಅಂತ ನನ್ನ ಕೋಣೇಗೆ ಜಗಳಕ್ಕೆ ಬರೋದು. ಜಗಳ ಆಡೀ ಆಡೀ ಅರ್ಧ ಆಗ್ಲೇ ಕಲ್ತಿದ್ದೀಯ."

ಆ ತಿಂಗಳು ನಮ್ಮ ಮನೆಯಲ್ಲಿ ನಡೆದ ಯುದ್ಧವನ್ನು ವಿವರಿಸುವುದಿಲ್ಲ. ಅತ್ತಿಗೆ ಹೇಳಿಕೊಡುವಾಗ ಒಂದು ಮಾತನ್ನು ಎರಡು ಸಲ ಹೇಳುವವರಲ್ಲ, ನಾನು ಒಂದೇ ಸಲಕ್ಕೆ ಕೇಳಿಸಿಕೊಳ್ಳುವವಳಲ್ಲ. "ಹಾಗಲ್ಲ!" "ಮತ್ತೆ ಹೇಗೆ?" ಎಂಬ ಕೂಗಾಟಕ್ಕೆ ಅಣ್ಣ ಬಾಯ್ಲರ್ ಕೋಣೆಯೇ ವಾಸಿ ಎಂದು ಬೇಗ ಬೇಗ ಕೆಲಸಕ್ಕೆ ಹೋಗತೊಡಗಿದ. ಆದರೂ ಕಲಿತೆ. ಸರದಿ ಎಲ್ಲಿ ಸಿಕ್ಕಿಕೊಂಡಿದೆ ಎಂದು ನೋಡುವುದು, ಬಿದ್ದ ಸರ್ವರನ್ನು ಮತ್ತೆ ಎಬ್ಬಿಸುವುದು, ಯಾರಿಗೆ ಯಾವ ಬಾಗಿಲವರೆಗೆ ಪ್ರವೇಶ ಎಂದು ಗೊತ್ತುಮಾಡುವುದು. ಕನ್ನಡಕದಜ್ಜನ ಕೀಗೂ ದಾರಿಯಾಯಿತು. ಅದನ್ನು ಕನ್ನಡಕದ ಜೊತೆ ಒಂದೇ ದಾರಕ್ಕೆ ಕಟ್ಟಿ ಅವರ ಕೊರಳಿಗೆ ಹಾಕಿದೆವು. ಕೀ ಕಳೆಯಲಿಲ್ಲ, ಕನ್ನಡಕ ಹುಡುಕುವುದೂ ತಪ್ಪಿತು. ಹೆಸರು ಮಾತ್ರ ಹಾಗೇ ಉಳಿಯಿತು.

ಆ ದಿನ ಬಂತು. ಅತ್ತಿಗೆ ಗೇಟಿನ ಹತ್ತಿರ ತಮ್ಮ ಫೋನನ್ನು ನರ್ಸಮ್ಮನ ಕೈಗೆ ಕೊಟ್ಟರು, ತಮ್ಮ ಕೀಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದರು, ಹಿಂದೆ ತಿರುಗಿ ನೋಡದೆ ಮನೆಗೆ ನಡೆದರು. ನಾನು ಅವರ ಕುರ್ಚಿಯಲ್ಲಿ ಕೂತೆ. ಕುರ್ಚಿ ನನಗೆ ಎತ್ತರವಾಗಿತ್ತು, ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ತಗ್ಗಿಸಿಕೊಂಡೆ.

ನರ್ಸಮ್ಮ ಸರ್ವರ್ ಆಫ್ ಮಾಡಿದರು. ಎರಡನೆಯದು ಎತ್ತಿಕೊಂಡಿತು. ನಾನು ಪರದೆಯ ಮೇಲೆ ಒಂದೊಂದೇ ಸರದಿ ನೋಡಿ, ಬಿದ್ದದ್ದನ್ನು ಎಬ್ಬಿಸಿ ಜೋಡಿ ಮಾಡಿದೆ. ಇಷ್ಟೇನಾ ಎಂದು ನಿಟ್ಟುಸಿರು ಬಿಡುವಷ್ಟರಲ್ಲಿ ಪರದೆಯಲ್ಲಿ ಒಂದು ಸಾಲು ಕೆಂಪಾಯಿತು. ಮೂಲೆಯ ಒಗೆಯುವ ಯಂತ್ರ, ಅದರೊಳಗೆ ಥಿಯೇಟರ್ ಗೌನು, ಬಾಗಿಲು ತೆರೆಯುತ್ತಿಲ್ಲ. ಹಬೆ ಸಾಲದೇನೋ ಎಂದು ಬಾಯ್ಲರ್ ಕೋಣೆಗೆ ಫೋನ್ ಮಾಡಿದೆ.

"ವಾಲ್ವ್ ಕಚ್ಕೊಂಡಿತ್ತು, ಹಬೆ ಸ್ವಲ್ಪ ಇಳೀತು. ಈಗ ಸರಿ ಮಾಡ್ದೆ" ಅಂದ ಅಣ್ಣ. ನೋಡಿ, ಯಾವ ದಿನ ಕಚ್ಚಿಕೊಳ್ಳಬೇಕೆಂದು ಅವನ ವಾಲ್ವಿಗೂ ಗೊತ್ತು.

ಅಂದರೆ ಸರ್ವರಿಗೆ ಏನೂ ಆಗಿರಲಿಲ್ಲ. ಗೌನುಗಳಿಗೆ ಬಿಸಿ ಸಾಲದಾಗಿತ್ತು, ಅದಕ್ಕೇ ಅದು ಬಾಗಿಲು ಬಿಗಿಹಿಡಿದಿತ್ತು. ಹೊರಗೆ ವ್ಯಾನಿನ ಡ್ರೈವರ್ ಹಾರ್ನ್ ಮೇಲೆ ಹಾರ್ನ್ ಒತ್ತುತ್ತಿದ್ದ. ಯಜಮಾನರು ಬೆವರು ಒರೆಸಿಕೊಳ್ಳುತ್ತಾ ಕೋಣೆಗೆ ನುಗ್ಗಿದರು.

"ಏನಮ್ಮಾ ಇದು? ಅವರ ಮುಂದೇನೇ ವ್ಯಾನ್ ತಡ ಆದ್ರೆ ಒಪ್ಪಂದ ಕೈ ಬಿಡುತ್ತೆ. ಒಂಚೂರು ಬಿಸಿ ಕಮ್ಮಿ ಆಗಿದೆ ಅಷ್ಟೇ ತಾನೆ? ನಿನ್ನ ಹತ್ರ ಕೀ ಇದೆ, ಅಜ್ಜನ ಹತ್ರ ಇದೆ. ಹಾಕಿ, ತೆಗೀರಿ."

ಅವರು ಕೆಟ್ಟವರಲ್ಲ. ಹೆದರಿದ್ದರು, ಅಷ್ಟೆ. ನಾನೂ ಹೆದರಿದ್ದೆ, ಅಂಗೈಯಲ್ಲಿದ್ದ ಕೀ ಬೆವತಿತ್ತು. ಅಜ್ಜ ಕೊರಳಿನ ದಾರ ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದರು. ನರ್ಸಮ್ಮ ಗೋಡೆಗೊರಗಿ ನಿಂತಿದ್ದರು. ಅತ್ತಿಗೆಗೆ ಒಂದು ಫೋನ್ ಮಾಡುವಂತಿದ್ದರೆ ಎಂದು ಜೀವ ಹಾತೊರೆಯಿತು. ಫೋನು ನರ್ಸಮ್ಮನ ಚೀಲದಲ್ಲಿ ತಣ್ಣಗೆ ಮಲಗಿತ್ತು.

"ಕಾಯ್ಲಿ ಬಿಡಿ" ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಇನ್ನೊಂದು ಸಲ ಒಗೀಲಿ. ವ್ಯಾನ್ ತಡವಾಗಿ ಹೋಗುತ್ತೆ ಅಂತ ಆಸ್ಪತ್ರೆಗೆ ಈಗ್ಲೇ ಹೇಳ್ತೀನಿ. ಈ ಬಾಗಿಲು ನಾನು ತೆಗಿಯಲ್ಲ ಯಜಮಾನ್ರೇ."

"ನಾನೂ ತೆಗಿಯಲ್ಲ" ಅಂದರು ಅಜ್ಜ, ದಾರವನ್ನು ಅಂಗಿಯೊಳಗೆ ಇಳಿಬಿಡುತ್ತಾ.

ಯಜಮಾನರು ಕುರ್ಚಿ ಎಳೆದುಕೊಂಡು ತಲೆಯ ಮೇಲೆ ಕೈ ಹೊತ್ತು ಕೂತರು. ಗೌನುಗಳು ಮತ್ತೆ ಬೆಂದವು. ಕೆಂಪು ಸಾಲು ಹಸಿರಾಯಿತು. ಬಾಗಿಲು ತಾನಾಗಿಯೇ ತೆರೆಯಿತು. ವ್ಯಾನು ಹೊರಟಾಗ ನಿಜಕ್ಕೂ ತಡವಾಗಿತ್ತು, ಡ್ರೈವರ್ ನನ್ನತ್ತ ಕೆಕ್ಕರಿಸಿಕೊಂಡೇ ಹೋದ.

ಸಂಜೆ ನರ್ಸಮ್ಮ ಚೀಲದಿಂದ ಅತ್ತಿಗೆಯ ಫೋನ್ ತೆಗೆದು ನನಗೆ ಕೊಟ್ಟರು. "ಬಿಸಿ ಸಾಲದ ಗೌನು ಹಾಕ್ಕೊಂಡು ನಾನು ಥಿಯೇಟರಲ್ಲಿ ನಿಂತಿದ್ದೀನಿ. ಆ ರೋಗಿಗೆ ಆಮೇಲೆ ಏನಾಯ್ತು ಅಂತ ನನಗೆ ಗೊತ್ತು" ಅಂದರು. ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಯಜಮಾನರ ಕಡೆ ತಿರುಗಿ, "ಮುಂದಿನ ವಾರದಿಂದ ನಮ್ಮ ವ್ಯಾನ್ ಬರುತ್ತೆ" ಅಂದರು. ಕೂತಿದ್ದ ಯಜಮಾನರು ಎದ್ದು ನಿಂತರು, ಏನು ಮಾಡಬೇಕೆಂದು ತೋಚದೆ ಮತ್ತೆ ಕೂತರು.

ನಾನು ಮನೆಗೆ ಓಡಿದೆ. ನಡೆದೆ ಅನ್ನುವುದು ಸುಳ್ಳಾಗುತ್ತದೆ. ಅತ್ತಿಗೆ ಮೆಟ್ಟಿಲ ಮೇಲೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದರು. ಎಲ್ಲವನ್ನೂ ಹೇಳಿದೆ. ಕೇಳುತ್ತಾ ಕೇಳುತ್ತಾ ಅವರ ಮುಖ ಅರಳಿತು, ಆಮೇಲೆ ಸ್ವಲ್ಪ ಬಾಡಿತು.

"ಇಡೀ ದಿನ ಒಬ್ಬರೂ ನನ್ನ ಕೇಳ್ಲಿಲ್ವಾ?"

"ಕೇಳೋ ಅಷ್ಟು ದೂರ ನೀವೆಲ್ಲಿ ಹೋಗಿದ್ರಿ ಅತ್ತಿಗೆ? ಯಜಮಾನ್ರು ಕೂಗಾಡಿದಾಗ ನನ್ನ ಬಾಯಿಂದ ಬಂದಿದ್ದೇ ನಿಮ್ಮ ಮಾತು."

ಅತ್ತಿಗೆ ನಕ್ಕರು, ನಗುವಿನ ನಡುವೆ ಅತ್ತರು, ಸೆರಗಿನಲ್ಲಿ ಮೂಗು ಒರೆಸಿಕೊಂಡರು. ನಾನು ಕೀ ಹಿಂದಕ್ಕೆ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. "ನಿನ್ನ ಹತ್ರಾನೇ ಇರ್ಲಿ, ನನಗೆ ಬೇರೆ ಮಾಡ್ಕೋತೀನಿ. ಮುಂದಿನ ವಾರ ನಾನು, ನಿಮ್ಮಣ್ಣ ತಂಗಿ ಮನೆಗೆ ಹೋಗಿ ಬರ್ತೀವಿ. ಫೋನ್ ಮನೇಲಿಟ್ಟು." ಇದನ್ನು ಹೇಳುವಾಗ ಅವರು ಶಾಲೆಗೆ ರಜೆ ಸಿಕ್ಕ ಹುಡುಗಿಯ ಹಾಗೆ ಕಾಣುತ್ತಿದ್ದರು.

ಆಮೇಲೆ ಏನೋ ನೆನಪಾದವರಂತೆ ನನ್ನ ಕಡೆ ತಿರುಗಿದರು.

"ಅಲ್ಲ ಕಣೇ, ನೀನಿಡೀ ದಿನ ನನ್ನ ಕುರ್ಚೀಲಿದ್ದೆ. ಮುದುಕಿಯನ್ನ ಯಾರು ನಡೆಸಿದ್ರು?"

ಮುದುಕಿ ಬೆಳಿಗ್ಗೆಯಿಂದ ಸಂಜೆಯವರೆಗೆ ನಿಂತೇ ಇದ್ದಳು. ಅವಳ ಮುಂದೆ ಹೋಟೆಲುಗಳ ಬೆಡ್‌ಶೀಟು ಬೆಟ್ಟದ ಹಾಗೆ ಬಿದ್ದಿತ್ತು. ಹಾಲಿನ ಹೆಂಗಸರು ಬಂದು ಸನ್ನೆಕೋಲು ಹಿಡಿದು ನೋಡಿ, ಅಕ್ಕ ಬರಲಿ ಎಂದು ಬಿಟ್ಟು ಹೋಗಿದ್ದರು. ಅದನ್ನು ಕೇಳಿ ಆ ಗಡಿಬಿಡಿಯಲ್ಲೂ ನನಗೆ ಒಳಗೊಳಗೇ ಒಂಥರಾ ಖುಷಿಯಾಗಿತ್ತು.

ಅತ್ತಿಗೆ ನನ್ನ ಮುಖ ನೋಡಿದರು. ಎಲ್ಲ ಅರ್ಥವಾಯಿತೆಂದು ಕಾಣುತ್ತದೆ, ಬೆನ್ನ ಮೇಲೊಂದು ಗುದ್ದು ಕೊಟ್ಟು ಒಳಗೆ ನಡೆದರು.

"ಮುಂದಿನ ತಿಂಗಳು ನಿನ್ನ ಆಫ್ ಮಾಡ್ತೀನಿ" ಎಂದು ಅಡುಗೆಮನೆಯಿಂದ ಕೂಗಿದರು. "ಅಷ್ಟರಲ್ಲಿ ಯಾರಿಗಾದ್ರೂ ಹೇಳಿಕೊಡು."